ಅಳೆಯದೆ ಬಿಟ್ಟವಳು

ಆ ಊರಿಗೆ ನಾನು ಅಳತೆಯವಳಾಗಿ ಬಂದಾಗ ನನಗಿನ್ನೂ ಇಪ್ಪತ್ತಾರು. ಮೂರು ತಿಂಗಳಿಗೊಮ್ಮೆ ಶಾಲೆಯ ಪಡಸಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರನ್ನೇ ಕೋಲಿಗೆ ಒರಗಿಸಿ, ನೆತ್ತಿಯ ಮೇಲೆ ಪಟ್ಟಿ ಇಟ್ಟು, ಎಷ್ಟು ಅಂಗುಲವೆಂದು ಗಟ್ಟಿಯಾಗಿ ಹೇಳಿ, ಬಾಯಿ ತೆರೆಸಿ ಹಲ್ಲು ಎಣಿಸಿ, ಎರಡನ್ನೂ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಅಳೆಸಿಕೊಂಡ ಮಗು ಮುಂದಿನ ಮೂರು ತಿಂಗಳು ಬೆಳೆಯುತ್ತಿತ್ತು. ಅಳೆಸಿಕೊಳ್ಳದ ಮಗು ಇದ್ದಷ್ಟೇ ಇರುತ್ತಿತ್ತು. ಯಾಕೆ ಹೀಗೆ ಅಂತ ಆ ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಮಳೆ ಮೇಲಿನಿಂದಲೇ ಯಾಕೆ ಬೀಳುತ್ತದೆ ಅಂತ ಯಾರಾದರೂ ಕೇಳುತ್ತಾರೆಯೇ! ಅಳತೆಯ ದಿನ ಜ್ವರ ಬಂದ ಕೂಸನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು ತರುತ್ತಿದ್ದರು. ಮಗನಿಗೆ ಹೊಸ ಚಪ್ಪಲಿ ಕೊಡಿಸಿದ ವರ್ಷ, “ಈ ಒಂದು ಸಲ ಬಿಟ್ಬಿಡ್ರಿ ಅಳತೆಯಮ್ಮ, ಚಪ್ಪಲಿ ಇನ್ನೊಂದಿಷ್ಟು ದಿನ ಬರ್ಲಿ” ಅಂತ ಹಲ್ಲು ಕಿಸಿಯುವ ತಾಯಂದಿರೂ ಇದ್ದರು. ಅಂಥವರಿಗೆ ನಾನು ಮುಖಕ್ಕೆ ಹೊಡೆದ ಹಾಗೆ ಬೈಯುತ್ತಿದ್ದೆ. ತಪ್ಪಿಹೋದ ಮೂರು ತಿಂಗಳು ಮತ್ತೆ ಸಿಗುವುದಿಲ್ಲ, ಆ ಮಗು ಜೀವಮಾನವೆಲ್ಲ ಅರ್ಧ ಅಂಗುಲ ಕಡಿಮೆಯೇ.

ಇದಕ್ಕೆ ಇದ್ದದ್ದು ಒಂದೇ ಕಟ್ಟಳೆ. ಮನೆಯವರ ಕೈಯ ಅಳತೆ ಮಗುವಿನ ಮೈಗೆ ಹತ್ತುವುದಿಲ್ಲ. ಹೆತ್ತವಳು ಅಳೆದರೂ ಅಷ್ಟೇ, ಮುದ್ದು ಮಾಡುವ ಪಕ್ಕದ ಮನೆಯವಳು ಅಳೆದರೂ ಅಷ್ಟೇ. ಮಗು ಯಾರಿಗೆ ಬೇರೆಯವರ ಮಗುವೋ ಅವರ ಕೈ ಮಾತ್ರ ಹತ್ತುತ್ತದೆ. ಅದಕ್ಕೇ ಅಳತೆಯವರನ್ನು ದೂರದಿಂದ ಕರೆಸುತ್ತಿದ್ದರು. ನನಗೆ ಊರ ಅಂಚಿನಲ್ಲಿ ಒಂದು ಮನೆ ಕೊಟ್ಟರು. ಅಕ್ಕ, ಅತ್ತೆ, ಚಿಕ್ಕಮ್ಮ ಅಂತ ಯಾರೂ ನನ್ನನ್ನು ಕರೆಯಬಾರದು, ಹಬ್ಬಕ್ಕೆ ಎಲೆ ಹಾಕಿ ಕೂರಿಸಬಾರದು, ನಾನು ಯಾವ ಮಗುವಿನ ಕೆನ್ನೆಯನ್ನೂ ಸವರಬಾರದು. ದೊಡ್ಡವರಿಗೂ ಚಿಕ್ಕವರಿಗೂ ನಾನು ಅಳತೆಯಮ್ಮ. ಮೊದಲೆರಡು ವರ್ಷ ಒಬ್ಬಳೇ ಕೂತು ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಒಗ್ಗಿಹೋಯಿತು. ಊರ ತುಂಬ ಮಕ್ಕಳು ನನ್ನ ಕೈಯಲ್ಲಿ ಬೆಳೆದರು, ಒಂದೂ ನನ್ನದಲ್ಲ.

ಹೀಗೆ ಇಪ್ಪತ್ತೆಂಟು ವರ್ಷ ಕಳೆದ ಮೇಲೆ ವಿಶ್ವಂಭರ ಎಂಬ ಅಧಿಕಾರಿ ಬಂದ. ಮಕ್ಕಳ ಬೆಳವಣಿಗೆಯ ಬಗ್ಗೆ ಅಧ್ಯಯನ ಮಾಡುವ ಇಲಾಖೆಯಂತೆ. ತೆಳ್ಳಗಿನ ಆಳು, ಮೆತ್ತಗಿನ ಮಾತು, ಯಾರನ್ನೂ ಏಕವಚನದಲ್ಲಿ ಕರೆಯದ ಮನುಷ್ಯ. ಕೆಟ್ಟವನು ಅಂತ ಹೇಳುವುದಕ್ಕೆ ನನಗೆ ಇವತ್ತೂ ಬಾಯಿ ಬರುವುದಿಲ್ಲ. ನನ್ನ ಹಳೆಯ ಪುಸ್ತಕಗಳನ್ನೆಲ್ಲ ನಾಲ್ಕು ದಿನ ಕೂತು ಓದಿದ. ಐದನೆಯ ದಿನ ಹಾಲಪ್ಪ ಮೇಷ್ಟ್ರು ಊರವರನ್ನು ಶಾಲೆಯ ಅಂಗಳದಲ್ಲಿ ಸೇರಿಸಿದರು.

“ಅಳೆದರೆ ಬೆಳೀತಾರೆ ಅಂತೀರಿ. ಸರಿ,” ಅಂದ ವಿಶ್ವಂಭರ. “ಆದರೆ ನೀವು ಎಲ್ಲರನ್ನೂ ಅಳೀತಾ ಬಂದಿದ್ದೀರಿ. ಅಳೆಯದೇ ಇದ್ದರೂ ಬೆಳೀತಿದ್ರೋ ಏನೋ, ಅದು ನಿಮಗೆ ಹೇಗೆ ಗೊತ್ತು? ನಮ್ಮ ಕಡೆ ಮಕ್ಕಳು ಅಳೆಯದೇ ಬೆಳೀತಾರೆ.”

“ನಿಮ್ಮ ಕಡೆ ಬೆಳೀತಾರೆ, ಇಲ್ಲಿ ಬೆಳಿಯಲ್ಲ ಸ್ವಾಮಿ,” ಅಂದರು ಹಿಂದಿನಿಂದ ಯಾರೋ. “ಜ್ವರ ಬಂದು ತಪ್ಪಿಸ್ಕಂಡ ಮಕ್ಳು ನಿಂತೋಗಿರೋದು ನಾವೇ ನೋಡೀವಿ.”

“ಜ್ವರದಿಂದಲೇ ನಿಂತಿರಬಹುದಲ್ಲ?”

ನಿಜ ಹೇಳಬೇಕೆಂದರೆ, ಆ ಪ್ರಶ್ನೆ ಒಳ್ಳೆಯ ಪ್ರಶ್ನೆಯೇ. ಇಪ್ಪತ್ತೆಂಟು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲವಲ್ಲ ಅಂತ ನಾಚಿಕೆಯಾಯಿತು.

ಅವನ ಉಪಾಯ ಹೀಗಿತ್ತು. ಊರಿನಲ್ಲಿ ಎಂಟು ವರ್ಷ ತುಂಬಿದ ಮಕ್ಕಳು ಇಪ್ಪತ್ತನಾಲ್ಕು. ಚೀಟಿ ಎತ್ತಿ ಎರಡು ಗುಂಪು ಮಾಡುವುದು. ಹನ್ನೆರಡು ಮಕ್ಕಳನ್ನು ಎಂದಿನಂತೆ ಅಳೆಯುವುದು, ಇನ್ನು ಹನ್ನೆರಡನ್ನು ಮೂರು ವರ್ಷ ಮುಟ್ಟದೆ ಬಿಡುವುದು. ಆ ಹನ್ನೆರಡಕ್ಕೆ ಅವನು ಹೋಲಿಕೆಯ ಗುಂಪು ಅಂತ ಹೆಸರಿಟ್ಟ. ಅಳೆಯದೇ ಬೆಳೆದಿದ್ದಾರೋ ಇಲ್ಲವೋ ಅಂತ ಅಳೆಯದೇ ಹೇಗೆ ನೋಡುತ್ತೀರಿ ಅಂತ ಕೇಳಿದೆ. ಫೋಟೋ ತೆಗೆಯುತ್ತಾನಂತೆ. ಮಕ್ಕಳಿಂದ ನಾಲ್ಕು ಮಾರು ದೂರದಲ್ಲಿ ಕಪ್ಪು ಬಿಳಿ ಪಟ್ಟೆಯ ಒಂದು ಕಂಬ, ಈಗೊಂದು ಫೋಟೋ, ಮೂರು ವರ್ಷದ ಮೇಲೊಂದು ಫೋಟೋ. “ಅಳೆಯೋದು ಫೋಟೋನ ಅಮ್ಮ, ಮಕ್ಕಳನ್ನಲ್ಲ,” ಅಂದ. “ಹಂಗಾದ್ರೆ ಫೋಟೋ ಬೆಳೀತದೆ ಬಿಡ್ರಿ!” ಅಂತ ಯಾರೋ ಕುಚೋದ್ಯ ಮಾಡಿದರು, ಎಲ್ಲರೂ ನಕ್ಕರು. ಆ ನಗುವಿನಲ್ಲೇ ಅರ್ಧ ಒಪ್ಪಿಗೆ ಮುಗಿದುಹೋಯಿತು.

ಇನ್ನರ್ಧ ಒಪ್ಪಿಗೆ ಹೈಸ್ಕೂಲಿನದು. ಅಧ್ಯಯನ ನೇರವಾಗಿ, ಕಳ್ಳತನವಿಲ್ಲದೆ ಮುಗಿದರೆ ಊರಿಗೆ ಹೈಸ್ಕೂಲು ಮಂಜೂರು ಮಾಡಿಸುತ್ತೇನೆ ಅಂದ. ನಡುವೆ ಯಾರಾದರೂ ಗುಟ್ಟಾಗಿ ಅಳೆಸಿದರೆ ಎಲ್ಲ ರದ್ದು. ಏಳನೆಯ ತರಗತಿ ಮುಗಿದ ಮೇಲೆ ಹೆಣ್ಣುಮಕ್ಕಳೆಲ್ಲ ಮನೆಯಲ್ಲಿ ಕೂರುತ್ತಿದ್ದ ಊರದು, ಮುಂದಿನ ಶಾಲೆಗೆ ಒಂಬತ್ತು ಮೈಲಿ. ತಾಯಂದಿರು ಮುಖ ಮುಖ ನೋಡಿಕೊಂಡು ಹೆಬ್ಬೆಟ್ಟು ಒತ್ತಿದರು. ಯಾವ ಮಗುವಿನ ಜೊತೆಗೂ ನಂಟಿಲ್ಲದವಳು ಅಂತ ಚೀಟಿ ಎತ್ತಲು ನನ್ನನ್ನೇ ಕರೆದರು. ಚೊಂಬಿನೊಳಗೆ ಕೈ ಹಾಕಿ ಹನ್ನೆರಡು ಚೀಟಿ ಎತ್ತಿಕೊಟ್ಟವಳು ನಾನೇ. ಕೊನೆಯ ಚೀಟಿಯಲ್ಲಿ ನೀಲವೇಣಿ ಅಂತ ಇತ್ತು. ತಂದೆತಾಯಿ ಇಲ್ಲದ ಹುಡುಗಿ, ಸೋದರಮಾವನ ಮನೆಯಲ್ಲಿ ಇದ್ದಳು. ಅವಳ ಪರವಾಗಿ ಅತ್ತೆ ರುದ್ರಕ್ಕ ಹೆಬ್ಬೆಟ್ಟು ಒತ್ತಿದಳು. ನಾಲ್ಕು ಸ್ವಂತ ಮಕ್ಕಳ ಆ ಹೆಂಗಸು ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, “ಇರ್ಲಿ ಬಿಡ್ರಿ, ಸಣ್ಣೋಳಾಗಿದ್ರೆ ಮದುವೆ ಚಿಂತೆ ತಡ ಆಗ್ತದೆ” ಅಂದಳು.

ವಿಶ್ವಂಭರ ಫೋಟೋ ತೆಗೆದುಕೊಂಡು ಹೋದ. ಅಳತೆಗೋಲನ್ನು ಮೇಷ್ಟ್ರ ಬೀರುವಿನಲ್ಲಿಟ್ಟು ಬೀಗ ಹಾಕಿದರು, ಅಳತೆಯ ದಿನ ಮಾತ್ರ ತೆಗೆಯುವುದು. ಮೊದಲ ಸಲ ಆ ಹನ್ನೆರಡು ಮಕ್ಕಳು ಕಿಟಕಿಯ ಆಚೆ ನಿಂತು ಒಳಗೆ ನೋಡುತ್ತಿದ್ದವು. ನಾನು ಕಿಟಕಿಗೆ ಬೆನ್ನು ಮಾಡಿ ಕೆಲಸ ಮುಗಿಸಿದೆ.

ಎಂಟನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ, ಊರೆಲ್ಲ ಉಂಡು ಮಲಗಿದ ಹೊತ್ತಿನಲ್ಲಿ, ಗಿರಣಿಯ ಓಂಕಾರಮ್ಮ ಮಗನ ರಟ್ಟೆ ಹಿಡಿದುಕೊಂಡು ನನ್ನ ಮನೆಗೆ ಬಂದಳು. ಹುಡುಗ ಬಸಂತನೂ ಹನ್ನೆರಡರಲ್ಲಿ ಒಬ್ಬ. ಅವನ ಬಾಯಿ ತೆರೆಸಿ ತೋರಿಸಿದಳು. ಚೀಟಿ ಎತ್ತಿದ ವಾರ ಅವನ ಮೇಲಿನ ಹಾಲುಹಲ್ಲು ಅಲ್ಲಾಡುತ್ತಿತ್ತು. ಎಂಟು ತಿಂಗಳಾದರೂ ಹಾಗೇ ಅಲ್ಲಾಡುತ್ತಿದೆ. ಬೀಳುವುದೂ ಇಲ್ಲ, ಗಟ್ಟಿಯಾಗುವುದೂ ಇಲ್ಲ.

“ರೊಟ್ಟಿ ಕಡಿಯಕ್ಕಾಗಲ್ಲ ಇವ್ನಿಗೆ. ಎಂಟು ತಿಂಗಳಿಂದ ಗಂಜಿ ಕುಡೀತಾನೆ,” ಅಂದಳು. ಮಾತು ಮುಗಿಯುವ ಮೊದಲೇ ಅಳು ಬಂತು. “ನಿನ್ ಕಾಲಿಗೆ ಬೀಳ್ತೀನಿ ಅಕ್ಕಾ, ಒಂದ್ಸಲ ಅಳ್ದುಬಿಡು.”

ಅಕ್ಕ ಅಂದದ್ದು ಅವಳಿಗೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. ಇಪ್ಪತ್ತೆಂಟು ವರ್ಷದಲ್ಲಿ ನಾನು ಆ ಶಬ್ದ ಕೇಳಿರಲಿಲ್ಲ. ನನಗಿಂತ ಹಿಂದೆ ಇದ್ದ ಅಳತೆಯವಳ ಹಳೆಯ ಕೋಲು ಅಟ್ಟದ ಮೇಲಿತ್ತು. ಕೋಲು ಯಾವುದಾದರೇನು, ಕೈ ಮುಖ್ಯ. ಬಾಗಿಲು ಹಾಕಿಕೊಂಡು ಬಸಂತನನ್ನು ನಿಲ್ಲಿಸಿ ಅಳೆದೆ. ಹತ್ತನೆಯ ದಿನಕ್ಕೆ ಹಲ್ಲು ಬಿತ್ತು.

ಬಿದ್ದ ಹಲ್ಲನ್ನು ಎಷ್ಟು ದಿನ ಮುಚ್ಚಿಡಲು ಸಾಧ್ಯ? ಯಾರೂ ಓಂಕಾರಮ್ಮನನ್ನು ಕೇಳಲಿಲ್ಲ, ಓಂಕಾರಮ್ಮ ಯಾರಿಗೂ ಹೇಳಲಿಲ್ಲ. ಆದರೆ ಇನ್ನೊಂದು ಮಧ್ಯಾಹ್ನ ಇನ್ನೊಬ್ಬಳು ಬಂದಳು. ಅವಳೂ ಅತ್ತಳು, ಅವಳೂ “ಯಾರಿಗೂ ಗೊತ್ತಾಗಬಾರ್ದು, ನಾನೊಬ್ಳೇ ಪಾಪಿ” ಅಂದಳು. ಒಬ್ಬರಿಗೆ ಮಾಡಿದ್ದನ್ನು ಇನ್ನೊಬ್ಬರಿಗೆ ಇಲ್ಲ ಅನ್ನುವುದು ಹೇಗೆ? ಒಂದೂವರೆ ವರ್ಷ ಕಳೆಯುವುದರೊಳಗೆ ಹನ್ನೊಂದು ತಾಯಂದಿರು ಬಂದರು. ಒಬ್ಬಳು ಬಂದದ್ದು ಇನ್ನೊಬ್ಬಳಿಗೆ ಗೊತ್ತಾಗದ ಹಾಗೆ ಒಬ್ಬೊಬ್ಬರಿಗೂ ಒಂದೊಂದು ದಿನ ಗೊತ್ತು ಮಾಡಿಕೊಟ್ಟೆ. ಪ್ರತಿಯೊಬ್ಬಳೂ ತಾನೊಬ್ಬಳೇ ಊರಿಗೆ ದ್ರೋಹ ಮಾಡುತ್ತಿದ್ದೇನೆ ಅಂತ ಕುಗ್ಗಿಕೊಂಡೇ ಬರುತ್ತಿದ್ದಳು, ಕುಗ್ಗಿಕೊಂಡೇ ಹೋಗುತ್ತಿದ್ದಳು. ಮೇಷ್ಟ್ರ ಕಣ್ಣಿಗೆ ಬೀಳಲಿಲ್ಲವೇ ಅಂತ ನೀವು ಕೇಳಬಹುದು. ದಿನಾ ನೋಡುವ ಮಕ್ಕಳು ಬೆಳೆಯುವುದು ಯಾರ ಕಣ್ಣಿಗೆ ಬೀಳುತ್ತದೆ? ಬಿದ್ದಿದ್ದರೂ ಅವರಿಗೆ ಹೈಸ್ಕೂಲು ಬೇಕಾಗಿತ್ತು.

ನೀಲವೇಣಿಯ ಪರವಾಗಿ ಯಾರೂ ಬರಲಿಲ್ಲ.

ಅವಳನ್ನು ನಾನೇ ಕರೆದು ಅಳೆಯಬಹುದಿತ್ತು. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಳೆಯಲಿಲ್ಲ. ಕೂತು ಯೋಚನೆ ಮಾಡಿದೆ ನಾನು, ದೊಡ್ಡ ಜಾಣೆಯ ಹಾಗೆ. ಹನ್ನೆರಡಕ್ಕೆ ಹನ್ನೆರಡೂ ಬೆಳೆದರೆ ವಿಶ್ವಂಭರ ಬಂದು, ಅಳೆಯದೇ ಎಲ್ಲರೂ ಬೆಳೆದಿದ್ದಾರೆ, ಅಳತೆ ಬೇಕಾಗಿಲ್ಲ ಅಂತ ಬರೆದುಕೊಂಡು ಹೋಗುತ್ತಾನೆ. ಅಳತೆಯನ್ನೇ ನಿಲ್ಲಿಸಿಬಿಡುತ್ತಾರೆ. ಆಮೇಲೆ ಹುಟ್ಟುವ ಮಕ್ಕಳ ಗತಿ? ಒಬ್ಬಳಾದರೂ ಬೆಳೆಯದೆ ನಿಂತಿದ್ದರೆ ನಿಜ ಏನೆಂದು ಅವನಿಗೆ ಕಾಣುತ್ತದೆ. ಊರಿನ ಮಕ್ಕಳಿಗೋಸ್ಕರ ಒಂದು ಮಗು ಮೂರು ವರ್ಷ ನಿಲ್ಲಲಿ. ಹೀಗೆ ನನಗೆ ನಾನೇ ಹೇಳಿಕೊಂಡೆ. ಸತ್ಯಕ್ಕಾಗಿ ಅಂತ ಹೇಳಿಕೊಂಡೆ. ಥೂ! ನನ್ನ ಬಾಗಿಲಲ್ಲಿ ನಿಂತು ಅಳುವುದಕ್ಕೆ ಅವಳಿಗೊಬ್ಬ ತಾಯಿ ಇದ್ದಿದ್ದರೆ ಆ ಸತ್ಯವನ್ನು ನಾನು ಎಷ್ಟು ದಿನ ಕಾಪಾಡುತ್ತಿದ್ದೆ?

ಎರಡನೆಯ ವರ್ಷಕ್ಕೆ ಓರಗೆಯವರೆಲ್ಲ ನೀಲವೇಣಿಗಿಂತ ನಾಲ್ಕು ಬೆರಳು ಎತ್ತರವಾದರು. ಕಬಡ್ಡಿಗೆ ಅವಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ, ಕುಂಟೆಬಿಲ್ಲೆಗೂ ಇಲ್ಲ. ಅವಳಿಗಿಂತ ಚಿಕ್ಕ ಮಕ್ಕಳ ಜೊತೆ ಆಡೋಣವೆಂದರೆ ಅವರ ಮಾತುಗಳು ಅವಳಿಗೆ ಸಪ್ಪೆ. ಮೈ ಎಂಟರದ್ದು, ತಲೆ ಹತ್ತರದ್ದು. ಒಂದು ಮಧ್ಯಾಹ್ನ ನನ್ನ ಜಗಲಿಯ ಮೇಲೆ ಬಂದು ಕೂತಳು. ಹೋಗು ಅನ್ನಬೇಕಿತ್ತು. ಮಾಡಿದ ಪಾಪ ಒಳಗೆ ಕುಟುಕುತ್ತಿತ್ತು, ಒಂದು ಹಿಡಿ ಮಂಡಕ್ಕಿ ಕೊಟ್ಟೆ. ಮಂಡಕ್ಕಿ ಕೊಟ್ಟರೆ ನಂಟಾಗುತ್ತದೆಯೇ ಅಂತ ಸಮಾಧಾನ ಹೇಳಿಕೊಂಡೆ. ಮರುದಿನವೂ ಬಂದಳು. ನಾನು ಅಕ್ಕಿ ಆರಿಸುವಾಗ ಮೊರದ ಆ ಬದಿಯಲ್ಲಿ ಕೂತು ಕಲ್ಲು ಹೆಕ್ಕುತ್ತಿದ್ದಳು. ಬಾಯಿ ಸುಮ್ಮನಿರುತ್ತಿರಲಿಲ್ಲ. ಮೇಷ್ಟ್ರು ತರಗತಿಯಲ್ಲಿ ತೂಕಡಿಸುವುದನ್ನು ಮಾಡಿ ತೋರಿಸಿದರೆ ನನಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ಮಂಡಕ್ಕಿ ಹೋಗಿ ಅನ್ನವಾಯಿತು. ಅನ್ನವಾದ ಮೇಲೆ ತಲೆ ಬಾಚುವುದಾಯಿತು. ಅವಳು ಒಂದು ದಿನ ಬರದಿದ್ದರೆ ನಾನು ಬೀದಿಯ ಕಡೆ ನೋಡುತ್ತ ಕೂರುವುದೂ ಆಯಿತು.

ಒಮ್ಮೆ ನೀರು ಕುಡಿದು ಲೋಟ ಬೋರಲು ಹಾಕುತ್ತ, “ಅಜ್ಜಿ, ನಾಳೆ ಬರ್ತೀನಿ” ಅಂದಳು.

“ಅಜ್ಜಿ ಗಿಜ್ಜಿ ಅಂದ್ರೆ ಕಾಲು ಮುರೀತೀನಿ. ಅಳತೆಯಮ್ಮ ಅನ್ನು.”

“ಯಾಕೆ? ನನ್ನನ್ನ ಹೆಂಗೂ ಅಳಿಯಲ್ವಲ್ಲ ನೀವು.”

ಬಸಂತ, ಉಳಿದವರು ನನ್ನ ಮನೆಯಿಂದ ಹೊರಗೆ ಹೋಗುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ದಡ್ಡಿಯಲ್ಲ, ಎಲ್ಲ ಗೊತ್ತಿತ್ತು. ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ನನ್ನನ್ನೂ ಅಳೀರಿ ಅಂತ ಒಂದು ದಿನವೂ ಕೇಳಲಿಲ್ಲ. ಇನ್ನೊಂದು ವರ್ಷ, ಇನ್ನೆಂಟು ತಿಂಗಳು ಅಂತ ನಾನು ದಿನ ಎಣಿಸುತ್ತಿದ್ದೆ. ಅವನು ಬಂದು ನೋಡಿಕೊಂಡು ಹೋಗಲಿ, ಆ ಸಂಜೆಯೇ ಇವಳನ್ನು ಅಳೆಯುತ್ತೇನೆ. ಅಷ್ಟರವರೆಗೆ ಇವಳು ನನಗೆ ಬೇರೆಯವರ ಮಗುವಾಗಿಯೇ ಇರಬೇಕು. ದಿನಾ ಬೆಳಿಗ್ಗೆ ಹಾಗೆ ಗಟ್ಟಿ ಮನಸ್ಸು ಮಾಡುತ್ತಿದ್ದೆ, ದಿನಾ ಮಧ್ಯಾಹ್ನ ಎರಡು ತಟ್ಟೆ ಇಡುತ್ತಿದ್ದೆ.

ಮೂರು ವರ್ಷ ತುಂಬಿದ ಮೇಲೆ ವಿಶ್ವಂಭರ ಬಂದು ಮತ್ತೆ ಫೋಟೋ ತೆಗೆದ. ನಾಲ್ಕನೆಯ ದಿನ ಮತ್ತೆ ಅಂಗಳದಲ್ಲಿ ಸಭೆ. ಗೋಡೆಯ ಮೇಲೆ ಬಿಳಿ ಹಾಳೆಯಲ್ಲಿ ಹಳೆಯ ಫೋಟೋ, ಹೊಸ ಫೋಟೋ ಪಕ್ಕಪಕ್ಕದಲ್ಲಿ ಅಂಟಿಸಿದ್ದ. ಅಳೆದ ಗುಂಪು ಹೇಗೆ ಬೆಳೆದಿದೆಯೋ ಹೋಲಿಕೆಯ ಗುಂಪೂ ಒಂದೆರಡು ಅಂಗುಲ ಹೆಚ್ಚುಕಡಿಮೆ ಹಾಗೆಯೇ ಬೆಳೆದಿದೆ ಅಂತ ತೋರಿಸಿದ. ತಾಯಂದಿರು ತಲೆ ತಗ್ಗಿಸಿ ಕೂತಿದ್ದರು. ನಾನು ಕಾಯುತ್ತಿದ್ದೆ, ಫೋಟೋದ ಕೊನೆಯಲ್ಲಿ ನಿಂತ ಆ ಪುಟ್ಟ ಆಕಾರದ ಕಡೆ ಅವನ ಕಡ್ಡಿ ಯಾವಾಗ ಬರುತ್ತದೆ ಅಂತ.

ಬಂತು. “ಈ ಒಂದು ಮಗು ಮಾತ್ರ ಬೆಳೆದಿಲ್ಲ,” ಅಂದ. “ಇದಕ್ಕೆ ಬೇರೆ ಕಾರಣ ಇರಬೇಕು. ಹೆತ್ತವರಿಲ್ಲ, ಊಟ ಉಪಚಾರ ಕಡಿಮೆ ಆಗಿರಬಹುದು. ಹನ್ನೆರಡರಲ್ಲಿ ಹನ್ನೊಂದು ಒಂದು ಮಾತು ಹೇಳುವಾಗ, ಒಂದು ಬೇರೆ ಹೇಳಿದರೆ ಅದನ್ನ ನಾವು ಲೆಕ್ಕದಿಂದ ಹೊರಗೆ ಇಡ್ತೀವಿ.” ಹಾಗಂದು ಪೆನ್ನು ತೆಗೆದು ಅವಳ ಆಕಾರದ ಸುತ್ತ ಒಂದು ಗೆರೆ ಹಾಕಿ, ಅಡ್ಡಕ್ಕೊಂದು ಗೆರೆ ಎಳೆದ.

ಮೂರು ವರ್ಷ. ಆ ಹುಡುಗಿಯ ಮೂರು ವರ್ಷ ಒಂದು ಗೆರೆಯಲ್ಲಿ ಹೋಯಿತು. ನಾನು ಎದ್ದು ನಿಂತದ್ದೂ ನನಗೆ ತಿಳಿಯಲಿಲ್ಲ.

“ಆ ಹನ್ನೊಂದನ್ನೂ ನಾನು ಅಳೆದಿದ್ದೀನಿ ಸ್ವಾಮಿ! ನನ್ನ ಮನೇಲಿ, ಬಾಗಿಲು ಹಾಕ್ಕೊಂಡು. ಅಳೆಯದೆ ಬಿಟ್ಟಿದ್ದು ಇವಳೊಬ್ಬಳನ್ನೇ. ಅದಕ್ಕೇ ಇವಳೊಬ್ಬಳೇ ನಿಂತಿರೋದು. ನೀವು ಹೊಡೆದುಹಾಕಿದ್ರಲ್ಲ, ನಿಮ್ಮ ಅಧ್ಯಯನದಲ್ಲಿ ಇರೋ ನಿಜ ಅದೊಂದೇ!” ಮನೆಗೆ ಓಡಿಹೋಗಿ ಹಳೆಯ ಕೋಲನ್ನು ತಂದು ಅವನ ಮೇಜಿನ ಮೇಲಿಟ್ಟೆ. ಗುಟ್ಟಾಗಿ ಅಳೆದದ್ದನ್ನು ಪುಸ್ತಕದಲ್ಲಿ ಬರೆದಿರಲಿಲ್ಲ. ತೋರಿಸಲು ನನ್ನ ಬಳಿ ಇದ್ದದ್ದು ಆ ಕೋಲು, ಮತ್ತೆ ಹನ್ನೊಂದು ತಾಯಂದಿರು.

ವಿಶ್ವಂಭರ ಕೋಪ ಮಾಡಿಕೊಳ್ಳಲಿಲ್ಲ. ಒಬ್ಬೊಬ್ಬ ತಾಯಿಯನ್ನೇ ಎಬ್ಬಿಸಿ, ನಿಮ್ಮ ಮಗುವನ್ನು ಅಳೆಸಿದ್ದೀರಾ ಅಂತ ಕೇಳಿದ. ಮೊದಲು ಎದ್ದವಳು ಓಂಕಾರಮ್ಮ. ಅವಳು ನನ್ನ ಕಡೆ ಒಂದು ಸಲ ನೋಡಿದಳು. ಹಿಂದೆ ಊರೆಲ್ಲ ಕೂತಿತ್ತು. ಅವರೆಲ್ಲರ ಹೆಣ್ಣುಮಕ್ಕಳ ಹೈಸ್ಕೂಲು ತನ್ನೊಬ್ಬಳ ನಾಲಿಗೆಯ ಮೇಲಿದೆ ಅಂತ ಅವಳಿಗೆ ಅನ್ನಿಸಿರಬೇಕು. “ಇಲ್ಲ ಸಾರ್,” ಅಂದಳು. ಎರಡನೆಯವಳೂ ಇಲ್ಲ ಅಂದಳು. ಮೂರನೆಯವಳು ಅಳುತ್ತ ಇಲ್ಲ ಅಂದಳು. ಹನ್ನೊಂದು ಸಲ ಇಲ್ಲ. ನಾನು ಈಗ ಕೂಗಿ ಹೇಳಿದರೂ ಪಕ್ಕದಲ್ಲಿದ್ದವಳು ತನ್ನಂಥವಳೇ ಅಂತ ಒಬ್ಬಳಿಗೂ ನಂಬಿಕೆ ಬಾರದ ಹಾಗೆ ಇಷ್ಟು ದಿನ ಅಚ್ಚುಕಟ್ಟಾಗಿ ಕೆಲಸ ಮಾಡಿದವಳು ನಾನೇ ಅಲ್ಲವೇ? ಯಾರನ್ನು ಬೈಯಲಿ?

ಆಗ ಮಕ್ಕಳ ಸಾಲಿನಿಂದ ನೀಲವೇಣಿ ಎದ್ದಳು. ಎದ್ದರೂ ಎಂಟರ ಮಗುವಿನಷ್ಟೇ ಇದ್ದಳು. “ಅಳತೆಯಮ್ಮ ಹೇಳೋದು ನಿಜ ಸಾರ್. ನನ್ನನ್ನ ಅಳೆದಿಲ್ಲ, ಅದಕ್ಕೇ ನಾನು ಬೆಳೆದಿಲ್ಲ. ಅವರೆಲ್ಲ ಅಳತೆಯಮ್ಮನ ಮನೆಗೆ ಹೋಗಿಬರೋದು ನಾನು ನೋಡಿದೀನಿ.”

ಅವನು ಬಗ್ಗಿ, ಪುಟ್ಟ ಮಗುವಿನ ಜೊತೆ ಮಾತಾಡುವ ದನಿಯಲ್ಲಿ, “ನಿನಗೆ ಎಷ್ಟು ವರ್ಷ ಪುಟ್ಟಾ?” ಅಂತ ಕೇಳಿದ.

“ಹನ್ನೊಂದು.”

ಬೇರೆ ಕೇರಿಯಿಂದ ಬಂದು ಕೂತಿದ್ದ ಕೆಲವರು ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ಅಷ್ಟು ಚಿಕ್ಕ ಬಾಯಿಂದ ಹನ್ನೊಂದು ಅಂತ ಬಂದದ್ದಕ್ಕೆ ನಗು ಬಂದುಬಿಟ್ಟಿತು. ವಿಶ್ವಂಭರನೂ ಮುಗುಳ್ನಕ್ಕು ಅವಳ ತಲೆ ಸವರಿ ಕೂರಿಸಿದ. ಅಳತೆಯವಳು ಕೆಲಸ ಹೋಗುವ ಭಯದಿಂದ ಹೀಗೆ ಹೇಳುತ್ತಿರಬಹುದು ಅಂತ ಅವನು ಬರೆದುಕೊಂಡದ್ದನ್ನು ಆಮೇಲೆ ಮೇಷ್ಟ್ರೇ ನನಗೆ ಹೇಳಿದರು. ಎರಡೂ ಕೋಲುಗಳನ್ನು ಗಾಡಿಗೆ ಹಾಕಿಕೊಂಡು ಹೋದ. ಹದಿನೈದು ದಿನಕ್ಕೆ ಆದೇಶ ಬಂತು. ಅಳತೆ ಮೂಢನಂಬಿಕೆ, ಇನ್ನು ಅಳೆದವರಿಗೂ ಅಳೆಸಿದವರಿಗೂ ದಂಡ, ಅಳೆಸಿಕೊಂಡ ಮಗುವಿನ ಹೆಸರನ್ನು ಶಾಲೆಯಿಂದ ತೆಗೆಯುವುದು. ಅದೇ ಲಕೋಟೆಯಲ್ಲಿ ಹೈಸ್ಕೂಲಿನ ಮಂಜೂರಾತಿಯೂ ಇತ್ತು. ಊರಿನಲ್ಲಿ ಸಿಹಿ ಹಂಚಿದರು.

ಆ ಸಭೆ ಮುಗಿದ ದಿನದ ಸಂಜೆಯೇ ನೀಲವೇಣಿ ನನ್ನ ಮನೆಗೆ ಬಂದಳು. ನಾನು ಬಿದಿರಿನ ಒಂದು ಗಳುವಿಗೆ ಗುರುತು ಹಾಕುತ್ತ ಕೂತಿದ್ದೆ. ಅವಳು ಎದುರಿಗೆ ಕೂತಳು.

“ಒಂದು ಕೇಳ್ತೀನಿ, ಬೈಬಾರ್ದು,” ಅಂದಳು. “ಬಸಂತನ ಅಮ್ಮ ಬಂದು ಕೇಳಿದ್ರು, ಅಳೆದ್ರಿ. ನಾನೇ ಬಂದು ಕೇಳಿದ್ರೆ ಅಳೀತಿದ್ರಾ?”

ಗಳುವನ್ನು ಪಕ್ಕಕ್ಕಿಟ್ಟೆ. ಹೂಂ ಅನ್ನುವುದು ಎಷ್ಟು ಸುಲಭವಾಗಿತ್ತು. “ಇಲ್ಲ ಮಗಾ. ಅಳೀತಿರ್ಲಿಲ್ಲ,” ಅಂದೆ. “ಎಲ್ಲರಿಗೋಸ್ಕರ ಒಬ್ಬಳು ನಿಲ್ಲಲಿ ಅಂತ ಮಾಡಿದ್ದೆ. ಕೇಳೋರು ಇಲ್ಲದೋಳು ನೀನೊಬ್ಬಳೇ ಇದ್ದೆ, ನಿನ್ನನ್ನ ನಿಲ್ಲಿಸ್ದೆ.”

ಅಳುತ್ತಾಳೆ, ಎದ್ದು ಹೋಗುತ್ತಾಳೆ ಅಂದುಕೊಂಡೆ. ಎರಡೂ ಮಾಡಲಿಲ್ಲ. “ನಂಗೂ ಹಂಗೇ ಅನ್ನಿಸಿತ್ತು,” ಅಂದಳು. ಆಮೇಲೆ ಎದ್ದು ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿ ಕೂಡಿಸಿ, ಗಲ್ಲ ಎತ್ತಿ ನಿಂತಳು. ಮೊದಲು ತಾನೂ ನಿಂತಿದ್ದಳು, ಆಮೇಲೆ ಮೂರು ವರ್ಷ ಕಿಟಕಿಯಲ್ಲಿ ನಿಂತು ನೋಡಿದ್ದಳಲ್ಲ, ಹೇಗೆ ನಿಲ್ಲಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೆತ್ತಿಯ ಮೇಲೆ ಪಟ್ಟಿ ಇಟ್ಟೆ. ನಲವತ್ತಾರು ಅಂಗುಲ. ಇಪ್ಪತ್ತು ಹಾಲುಹಲ್ಲುಗಳಲ್ಲಿ ಬಿದ್ದು ಹುಟ್ಟಿದ್ದು ಎಂಟೇ, ಉಳಿದ ಹನ್ನೆರಡು ಹಾಗೇ ಇದ್ದವು. ಗಟ್ಟಿಯಾಗಿ ಹೇಳಿ ಬರೆದುಕೊಂಡೆ.

ಅವತ್ತಿನಿಂದ ಆ ಮೂರು ತಿಂಗಳು ನಾನು ಬದುಕಿದ್ದು ಹೇಗೆ ಅಂತ ನನಗೇ ಗೊತ್ತಿಲ್ಲ. ಕೈ ಹತ್ತಿರುತ್ತದೋ ಇಲ್ಲವೋ. ಅವಳನ್ನು ದೂರ ಇಡೋಣವೆಂದು ನಾಲ್ಕು ದಿನ ಬಾಗಿಲು ತೆಗೆಯಲಿಲ್ಲ. ಐದನೆಯ ದಿನ ರುದ್ರಕ್ಕ ಬೀದಿಯಲ್ಲಿ ಸಿಕ್ಕು, “ನಿಮ್ಮನೇಲಿ ಉಣ್ತಿದ್ಲು, ಈಗ ಅದೂ ಇಲ್ಲ, ನಮ್ಮನೇಲಿ ಮೂಲೆ ಹಿಡ್ದು ಕೂತಾಳೆ” ಅಂದಳು. ಹೋಗಿ ನಾನೇ ಕರೆದುಕೊಂಡು ಬಂದೆ. ಬೇರೆಯವರ ಮಗು, ಬೇರೆಯವರ ಮಗು ಅಂತ ಬಾಯಲ್ಲಿ ಜಪ ಮಾಡುತ್ತಲೇ ಅವಳಿಗೆ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಟ್ಟೆ. ಅತ್ತ ಊರಿನಲ್ಲಿ ಹೈಸ್ಕೂಲಿಗೆ ಪಾಯ ತೋಡುತ್ತಿದ್ದರು. ಒಂದೇ ಒಂದು ಮಗುವೂ ಬೆಳೆಯುತ್ತಿರಲಿಲ್ಲ, ಯಾರಿಗೂ ಇನ್ನೂ ಗೊತ್ತಾಗಿರಲಿಲ್ಲ. ಮೂರು ತಿಂಗಳಲ್ಲಿ ಏನು ಗೊತ್ತಾಗುತ್ತದೆ? ಬಸಂತನ ದವಡೆಹಲ್ಲೊಂದು ಅಲ್ಲಾಡುತ್ತ ಬೀಳದೆ ನಿಂತಿತ್ತು, ಅಷ್ಟೇ. ಓಂಕಾರಮ್ಮ ಬಾವಿಯ ಹತ್ತಿರ ನನ್ನನ್ನು ಕಂಡರೆ ಬಿಂದಿಗೆ ಅರ್ಧ ತುಂಬಿಸಿಕೊಂಡೇ ಹೊರಟುಬಿಡುತ್ತಿದ್ದಳು.

ಮೂರು ತಿಂಗಳು ತುಂಬಿದ ದಿನ ಬೆಳಿಗ್ಗೆಯೇ ನೀಲವೇಣಿ ಸ್ನಾನ ಮಾಡಿ ಹಸಿರು ಲಂಗ ಉಟ್ಟುಕೊಂಡು ಬಂದಳು. ಗೋಡೆಗೆ ಬೆನ್ನು ಕೊಟ್ಟು ನಿಂತಳು. ಹಿಮ್ಮಡಿ ಎತ್ತಿದ್ದಾಳೋ ಎಂದು ನಾನು ಬಗ್ಗಿ ನೋಡಿದೆ, ಎತ್ತಿರಲಿಲ್ಲ. ಪಟ್ಟಿ ಇಟ್ಟೆ. ಗಳುವಿನ ಮೇಲಿನ ಗುರುತು ನೋಡಿದೆ. ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ. ನಲವತ್ತಾರು.

ನಲವತ್ತಾರೇ. ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ. ನನ್ನ ಕೈ ಅವಳಿಗೆ ಮನೆಯವರ ಕೈಯಾಗಿಬಿಟ್ಟಿತ್ತು. ಆ ಊರಿನಲ್ಲಿ ಇನ್ನೊಬ್ಬ ಅಳತೆಯವಳಿಲ್ಲ. ಆದೇಶ ಇರುವವರೆಗೆ ಇನ್ನೊಬ್ಬಳು ಬರುವುದೂ ಇಲ್ಲ.

“ಎಷ್ಟು?” ಅಂದಳು. ಕಣ್ಣು ಮುಚ್ಚಿಕೊಂಡಿದ್ದಳು.

“ನಲವತ್ತಾರೂವರೆ,” ಅಂದೆ. ಗಟ್ಟಿಯಾಗಿಯೇ ಹೇಳಿದೆ.

ಅವಳು ಕಣ್ಣು ಬಿಟ್ಟು ನನ್ನ ಮುಖವನ್ನು ನೋಡಿದಳು. ಗಳುವಿನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಗುರುತು ಅಲ್ಲೇ ಇತ್ತು, ಓದಲು ಅವಳಿಗೆ ಬರುತ್ತಿತ್ತು. ಆಮೇಲೆ ಲಂಗದ ಅಂಚನ್ನು ಎತ್ತಿ ಒಳಗಿನ ಮಡಿಕೆಯನ್ನು ತೋರಿಸಿದಳು.

“ಹಂಗಾದ್ರೆ ಇದನ್ನ ಬಿಚ್ಚಿಕೊಡಿ ಅಜ್ಜಿ. ಗಿಡ್ಡ ಆಗ್ತದಲ್ಲ.”

ಸೂಜಿ ದಾರ ತಂದು ಕೂತೆ. ಅವಳು ನನ್ನ ಹಳೆಯ ಸೀರೆಯನ್ನು ಸುತ್ತಿಕೊಂಡು ಪಕ್ಕದಲ್ಲಿ ಕೂತಳು. ಹಳೆಯ ಹೊಲಿಗೆಯನ್ನು ಒಂದೊಂದಾಗಿ ಕಿತ್ತು, ಮೂರು ಬೆರಳಗಲದ ಮಡಿಕೆಯನ್ನು ಪೂರ್ತಿ ಬಿಡಿಸಿ, ಅಂಚು ಮಾತ್ರ ಸಣ್ಣಗೆ ಮಡಿಸಿ ಹೊಲಿದುಕೊಟ್ಟೆ. ಉಟ್ಟುಕೊಂಡಳು. ಲಂಗ ಪಾದ ದಾಟಿ ನೆಲದ ಮೇಲೆ ಬಿತ್ತು. ಸರಿಯಾಗಿದೆ ಅಂದಳು. ಮುಗ್ಗರಿಸದ ಹಾಗೆ ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದುಕೊಂಡು, ರುದ್ರಕ್ಕನಿಗೆ ತೋರಿಸಲು ಬೀದಿಗೆ ಇಳಿದಳು.